ಇಟ್ಟಿಗೆಯ ಕೆಂಪು, ಗಾರೆಯ ಬಿಳಿ

ಡಚ್ಚರ ನಾಡಿನ ಒಂದು ಊರಿನಲ್ಲಿ ಯೋರಿಸ್ ಎಂಬ ಚಿತ್ರಗಾರ ಸದ್ದುಗದ್ದಲವಿಲ್ಲದ ಬೀದಿಗಳನ್ನು, ಕಾಲುವೆ ದಡದ ಇಟ್ಟಿಗೆ ಮನೆಗಳನ್ನು ಬರೆಯುತ್ತಿದ್ದ. ಮೊದಲು ಗೋಡೆಯ ತುಂಬ ಕೆಂಪು ಬಳಿಯುತ್ತಿದ್ದ. ಅದು ಒಣಗಿದ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳಿಂದ ಇಟ್ಟಿಗೆಗಳ ನಡುವಿನ ಗಾರೆ ಬರೆಯುತ್ತಿದ್ದ. ನೋಡಲು ಬಂದವರು ಆ ಗೆರೆಗಳಿಗೇ ಮೂಗು ತಾಗಿಸಿ, “ಅಬ್ಬಾ, ಎಂಥ ಕೈ!” ಎನ್ನುತ್ತಿದ್ದರು.

ಕೆಂಪಿಗೆ ಹೊಟ್ಟೆ ಉರಿಯಿತು. “ಗೋಡೆ ಪೂರ್ತಿ ನಾನು. ಹೊಗಳಿಕೆಯೆಲ್ಲ ನಿನಗೇನೇ, ಸಣಕಲಿ?” ಎಂದಿತು.

“ನಾನಿದ್ದರೆ ತಾನೇ ಅಕ್ಕ, ನೀನು ಇಟ್ಟಿಗೆ ಅನ್ನಿಸಿಕೊಳ್ಳುವುದು?” ಎಂದಿತು ಬಿಳಿ.

“ನಿನ್ನ ಹಂಗು ನನಗೆ ಬೇಡ. ಈ ಸಲ ಹೇಗೆ ನಿಲ್ಲುತ್ತೀಯೋ ನೋಡುತ್ತೇನೆ.”

ಮುಂದಿನ ಚಿತ್ರದಲ್ಲಿ ಕೆಂಪು ಮೇಲಷ್ಟೇ ಕೆನೆಗಟ್ಟಿ, ಒಳಗೆ ಹಸಿಯಾಗಿಯೇ ಉಳಿಯಿತು. ಯೋರಿಸ್ ಬೆರಳಿಟ್ಟು ನೋಡಿ, ಒಣಗಿದೆಯೆಂದು ನಂಬಿ ಗೆರೆ ಎಳೆದ. ಕೆಂಪು ಕೆಳಗಿನಿಂದ ಉಕ್ಕಿ ಬಂದು ಬಿಳಿಯನ್ನೆಲ್ಲ ನುಂಗಿತು.

“ಈಗ ಗೋಡೆಯೆಲ್ಲ ನನ್ನದೇ!” ಎಂದು ಬೀಗಿತು.

ಯೋರಿಸನಿಗೆ ಅಲ್ಲಿ ಗೋಡೆ ಕಾಣಲಿಲ್ಲ, ಒಂದು ದೊಡ್ಡ ಕೆಂಪು ಕಲೆ ಕಂಡಿತು. ಚಾಕು ತೆಗೆದು ಅಷ್ಟನ್ನೂ ಕೆರೆದ. “ಈ ಮನೆಗೆ ಸುಣ್ಣ ಹೊಡೆದಂತೆ ಬರೆದರಾಯಿತು,” ಎಂದುಕೊಂಡ. ಅವನು ಗೋಡೆಯ ತುಂಬ ಬಿಳಿಯನ್ನೇ ಬಳಿಯುವುದನ್ನು ಚಾಕುವಿನ ಅಲಗಿಗೆ ಅಂಟಿಕೊಂಡಿದ್ದ ಕೆಂಪು ನೋಡಿತು.