ಬೋರಿನ ಬಾಯಿಗೆ ಗೋಣಿಚೀಲ

ಚಿತ್ರದುರ್ಗದ ಕಡೆ ಬೋರ್ ಕೊರೆಯುವವನೊಬ್ಬ ಇದ್ದ. ಒಂದು ಸಲ ಮುರಿಗೆಪ್ಪ ಸಾಹುಕಾರರ ಖಾಲಿ ಸೈಟಿನಲ್ಲಿ ಎಷ್ಟು ಆಳಕ್ಕೆ ಕೊರೆದರೂ ಬಂದದ್ದು ಬರೀ ಧೂಳು.

"ಕೇಸಿಂಗ್ ಪೈಪ್ ಕಿತ್ಕೊಡು, ಬೇರೆ ಕಡೆಗಾಗುತ್ತೆ. ಬೋರಿನ ಬಾಯಿಗೆ ಒಂದು ಗೋಣಿಚೀಲ ಹಾಕು, ಸಾಕು," ಅಂದರು ಸಾಹುಕಾರರು.

"ಹಂಗೆ ಬಿಡೋಹಂಗಿಲ್ಲ ಸಾಹುಕಾರ್ರೆ. ಫೇಲಾದ ಬೋರಿಗೆ ಮಣ್ಣು ತುಂಬಿ ಮುಚ್ಚಬೇಕು ಅಂತ ರೂಲ್ಸಿದೆ. ನನ್ನ ಲೈಸೆನ್ಸ್ ಹೋಗುತ್ತೆ. ಅದು ಹಾಳಾಗ್ಲಿ, ಸಂಜೆ ಇಲ್ಲಿ ಮಕ್ಕಳು ಆಡ್ತಾರೆ."

"ಮಕ್ಕಳನ್ನ ಅವರವರ ಅಪ್ಪ ಅಮ್ಮ ನೋಡ್ಕೋತಾರೆ. ನಂಗೇ ರೂಲ್ಸ್ ಹೇಳ್ತೀಯೇನೋ? ಚೀಲ ಗಟ್ಟಿ ಇದೆ, ಹಾಕು!"

ಅವನು ಪೈಪ್ ಎತ್ತಿದ. ಚೀಲ ಹಾಸಿ ಸುತ್ತ ಕಲ್ಲಿಟ್ಟ. ಆಮೇಲೆ ಕೈಮುಗಿದು, "ಗಾಳಿಗೆ ಹಾರೀತು ಸಾಹುಕಾರ್ರೆ, ನಡುವೆ ಸ್ವಲ್ಪ ಭಾರ ಬೇಕು. ನಿಮ್ಮ ಕಾರಿನ ಕೀ ಅದರ ಮೇಲಿಡಿ. ಟೀ ಕುಡ್ಕೊಂಡು ಬರೋಣ," ಅಂದ.

ಸಾಹುಕಾರರ ಕೈ ತಟ್ಟನೆ ಜೇಬಿಗೆ ಹೋಯಿತು. ಕೀಯನ್ನು ಬಿಗಿಯಾಗಿ ಹಿಡಿದುಕೊಂಡರು. ಚೀಲ ನೋಡಿದರು, ಅವನನ್ನು ನೋಡಿದರು. ಮುಖ ಕೆಂಪಾಯಿತು. ಕೊನೆಗೆ ಯಾರಿಗೋ ಫೋನ್ ಮಾಡಿ, "ಒಂದು ಟ್ರ್ಯಾಕ್ಟರ್ ಮಣ್ಣು ತಗೊಂಬಾರಪ್ಪ," ಅಂದರು.

ಸಂಜೆಯೊಳಗೆ ಬೋರು ಮುಚ್ಚಿತು. "ಏನ್ ತಲೆ ಅಣ್ಣ ನಿಂದು!" ಅಂತ ಜೊತೆಯ ಕೆಲಸಗಾರರು ಬಿದ್ದು ಬಿದ್ದು ನಕ್ಕರು. ಅವನಿಗೆ ಮಾತ್ರ ನಗು ಬರಲಿಲ್ಲ.

"ಏನ್ ತಲೆ ಬಂತು ಬಿಡ್ರೋ," ಅಂದ. "ಮಕ್ಕಳು ಅಂದಾಗ್ಲೇ ಬರಬೇಕಿದ್ದ ಮಣ್ಣು, ಕೀ ಅಂದ್ಮೇಲೆ ಬಂತಲ್ಲ."