ಮೀಸೆಗೆ ಹತ್ತಿದ ತುಪ್ಪ

ಬಿದಿರುಕೋಟೆಯ ರಾಜ ಕೆಂಚರಸನಿಗೆ ಇದ್ದದ್ದು ಎರಡೇ ಚಟ. ಒಂದು ತುಪ್ಪದ ಹೋಳಿಗೆ, ಇನ್ನೊಂದು ಬಡಾಯಿ. ಹೋಳಿಗೆ ಮುಟ್ಟಕೂಡದೆಂದು ವೈದ್ಯರು ಹೇಳಿದ್ದರು, ರಾಣಿ ಅಡುಗೆಮನೆಗೆ ಕಾವಲು ಹಾಕಿಸಿದ್ದಳು. ಬಡಾಯಿಗೆ ಕಾವಲು ಹಾಕುವವರು ಯಾರು?

"ನನ್ನ ರಾಜ್ಯದಲ್ಲಿ ಕಳ್ಳ ತಪ್ಪಿಸಿಕೊಂಡ ಅನ್ನೋ ಮಾತೇ ಇಲ್ಲ. ದೂರು ಬಂದ ತಕ್ಷಣ ಒಳಗೆ. ವಿಚಾರಣೆ ಆಮೇಲೆ."

ಆ ಆಮೇಲೆ ಅನ್ನೋದು ಯಾವತ್ತೂ ಬರುತ್ತಿರಲಿಲ್ಲ, ಅದು ಬೇರೆ ವಿಷಯ. ರಾಜನಿಗೆ ಬೇಟೆಯಿಂದ ಬಿಡುವಾದರೆ ತಾನೆ. ಸೆರೆಮನೆಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ.

ಸೂಲಗಿತ್ತಿ ಸಣ್ಣೀರಮ್ಮನೂ ಅಲ್ಲೇ ಇದ್ದಳು, ನಾಲ್ಕು ತಿಂಗಳಿಂದ. ಅರಮನೆಯಲ್ಲಿ ರಾಣಿಯ ಒಡ್ಯಾಣ ಕಾಣೆಯಾದ ದಿನ ಇವಳು ಕಂಕುಳಲ್ಲಿ ಗಂಟು ಹಿಡಿದು ಅಲ್ಲಿಂದ ಹೊರಗೆ ಹೋಗಿದ್ದಳಂತೆ. ಗಂಟಿನಲ್ಲಿದ್ದದ್ದು ಹಳೇ ಬಟ್ಟೆ. ಬಿಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು.

ಅವಳ ಮಗಳು ಪುಟ್ಟಗೌರಿ, ಚೊಚ್ಚಲ ಬಸುರಿ, ಆಸ್ಥಾನದ ವಿದೂಷಕ ದುಗ್ಗಣ್ಣನ ಮನೆ ಜಗಲಿಯಲ್ಲಿ ಬಂದು ಕೂತಳು.

"ಅಣ್ಣಾ, ದಿನ ತುಂಬಿದೆ. ನಮ್ಮವ್ವ ಊರವರ ಮಕ್ಕಳನ್ನೆಲ್ಲ ಎತ್ತಿಕೊಂಡಳು. ನನ್ನ ಮಗೂನ ಯಾರು ಎತ್ಕೋತಾರೆ?"

"ನಿಮ್ಮವ್ವನೇ. ನೀನು ಹೋಗಿ ಎಣ್ಣೆ ಕಾಯಿಸು" ಎಂದ ದುಗ್ಗಣ್ಣ.

ಮಾರನೇ ಬೆಳಿಗ್ಗೆ ತುಂಬಿದ ಸಭೆ. ಪರದೆಯ ಹಿಂದೆ ರಾಣಿ. ದುಗ್ಗಣ್ಣ ಕೈಮುಗಿದ.

"ಪ್ರಭು, ಅಡುಗೆಮನೆಯಲ್ಲಿ ಕಳವಾಗಿದೆ. ದೇವರ ಎಡೆಗೆ ಇಟ್ಟಿದ್ದ ಹೋಳಿಗೆ. ಕದ್ದವರನ್ನು ನಾನೇ ಕಂಡೆ."

ರಾಜ ಸ್ವಲ್ಪ ಕೆಮ್ಮಿದ. "ಹಾಂ... ಯಾರೋ ಅಡುಗೆಯವನಿರಬೇಕು. ಒಳಗೆ ಹಾಕಿ."

"ಒಂದು ಮಾತು ವಿಚಾರಿಸದೆಯೇ?"

"ಮೊದಲು ಒಳಗೆ. ನನ್ನ ಸ್ವಂತ ಮಾವನಾದರೂ ಸರಿಯೇ."

"ಹಾಗಾದರೆ ಕೊತ್ವಾಲರೇ, ಹೆಸರು ಬರೆದುಕೊಳ್ಳಿ. ಮಹಾರಾಜ ಕೆಂಚರಸರು. ಹಿತ್ತಿಲ ಬಾಗಿಲಿಂದ ಬಂದರು, ಐದು ಹೋಳಿಗೆ. ಮೀಸೆಗೆ ಇನ್ನೂ ತುಪ್ಪ ಹತ್ತಿಕೊಂಡಿದೆ."

ಪರದೆಯ ಹಿಂದೆ ಬಳೆ ಝಣ್ ಎಂದವು. ಕೊತ್ವಾಲ ಬೀಗದ ಕೈ ಹಿಡಿದು ಎತ್ತ ನೋಡುವುದೆಂದು ತಿಳಿಯದೆ ಸೂರು ನೋಡಿದ.

"ಏಯ್ ದುಗ್ಗಣ್ಣ, ನನ್ನ ಮನೆ ಹೋಳಿಗೆ ಕಣಯ್ಯಾ. ಮೊದಲು ನನ್ನ ಮಾತು ಕೇಳು."

"ಕೇಳೋಣ ಪ್ರಭು, ಆಮೇಲೆ. ನಿಮಗಿಂತ ಮುಂಚೆ ಸಣ್ಣೀರಮ್ಮನ ಸರದಿ ಇದೆ. ಅವಳದ್ದೇ ನಾಲ್ಕು ತಿಂಗಳಾಯಿತು."

"ಅವಳದ್ದನ್ನು ಈಗಲೇ ಮುಗಿಸು ಮಾರಾಯ. ಏನವಳ ತಪ್ಪು?"

"ಒಡ್ಯಾಣ."

ಪರದೆ ಅಲುಗಾಡಿತು. ರಾಣಿಯ ದನಿ ಸಣ್ಣಗೆ ಬಂತು. "ಅದು... ನನ್ನ ತಂಗಿಯ ಸೊಂಟದಲ್ಲಿತ್ತು. ಸಿಕ್ಕಿ ಮೂರು ತಿಂಗಳಾಯಿತು."

"ಹೇಳಬಾರದಿತ್ತೇ?" ಎಂದ ರಾಜ.

"ಯಾರು ಕೇಳಿದರು?"

ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದ್ದೇ ನೋಡಿದ್ದು. ರಾಣಿಯ ತಂಗಿಯ ಸುದ್ದಿ ಸಂಜೆಯೊಳಗೆ ಏಳು ಕೇರಿ ಸುತ್ತಿತೆನ್ನಿ.

ರಾಜ ಮೆತ್ತಗಾದ. ಅಲ್ಲೇ ಹೊಸ ಕಟ್ಟಳೆ ಬರೆಸಿದ. ವಿಚಾರಿಸದೆ ಯಾರನ್ನೂ ಒಳಗೆ ಹಾಕಕೂಡದು, ದೂರು ಬಂದ ದಿನವೇ ವಿಚಾರಣೆ, ಒಳಗಿರುವವರ ಅಹವಾಲೆಲ್ಲ ಈ ವಾರವೇ ಕೇಳಬೇಕು. ಮುದ್ರೆ ಒತ್ತಿದ. ಸಣ್ಣೀರಮ್ಮ ಸೆರೆಮನೆಯಿಂದ ಓಡಿದ ಓಟಕ್ಕೆ ಕಾವಲಿನವನ ಪೇಟ ಹಾರಿತು. ಮಗಳು ಬೆಳಿಗ್ಗೆ ಕಾಯಿಸಿಟ್ಟ ಎಣ್ಣೆ ಇನ್ನೂ ಬಿಸಿ ಇತ್ತು, ಮಗು ಅಜ್ಜಿಯ ಕೈಗೇ ಬಂತು.

ಇತ್ತ ಸಭೆಯಲ್ಲಿ, "ಈಗ ನನ್ನ ಮೇಲಿನ ದೂರೂ ಮುಗಿಯಿತಲ್ಲ?" ಎಂದ ರಾಜ.

"ಒಂದೇ ಪ್ರಶ್ನೆ ಪ್ರಭು. ಹೋಳಿಗೆ ತಿಂದಿರೋ, ಇಲ್ಲವೋ?"

ಅಷ್ಟರಲ್ಲಿ ರಾಣಿ ಪರದೆ ಸರಿಸಿ ಹೊರಗೇ ಬಂದು ನಿಂತಿದ್ದಳು, ಸೊಂಟದ ಮೇಲೆ ಕೈ. ರಾಜ ಅವಳನ್ನು ನೋಡಿದ, ಕೊತ್ವಾಲನ ಬೀಗದ ಕೈ ನೋಡಿದ.

"ದುಗ್ಗಣ್ಣ, ದಮ್ಮಯ್ಯ. ನನ್ನನ್ನ ಸೆರೆಗೇ ಹಾಕಿಬಿಡು."

"ಆಗೋದಿಲ್ಲ ಪ್ರಭು. ವಿಚಾರಿಸದೆ ಯಾರನ್ನೂ ಒಳಗೆ ಹಾಕೋ ಹಾಗಿಲ್ಲ. ಈಗ ತಾನೆ ತಾವೇ ಮುದ್ರೆ ಒತ್ತಿದಿರಿ."