ಹಂಸವಾದ ಹೆಬ್ಬಾತು

“ಅಜ್ಜಾರ, ಒಂದು ಮಾತು ಕೇಳಬೇಕಿತ್ತು. ಜೋಡಿ ಹೋದ ಮ್ಯಾಲೂ ಇನ್ನೊಂದರ ಕಡೆ ಕಣ್ಣೆತ್ತಿ ನೋಡದ ಇರೂದು, ಖರೇ ಪ್ರೀತಿ ಅಂದ್ರ ಅದ ಹೌದಲ್ಲ?”

ಗುರುಶಾಂತ ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ತಿದ್ದಿ ತೀಡಿಕೊಂಡು ಮಠಕ್ಕೆ ಬಂದಿದ್ದ. ಕೇಳುವ ರೀತಿಯಲ್ಲಿ ಕೇಳಿದರೆ ಗುರುಗಳು ಹೌದು ಅನ್ನುತ್ತಾರೆ, ಆ ಒಂದು ಹೌದು ಸಿಕ್ಕರೆ ಮನೆಯಲ್ಲಿ ಮುಂದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ ಎಂಬುದು ಅವನ ಲೆಕ್ಕಾಚಾರ.

ಮನೆಯಲ್ಲಿ ಅವನ ತಂಗಿ ನೀಲವ್ವ ಇದ್ದಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು. ಗಂಡನ ನೆನಪಿನಲ್ಲೇ ದಿನ ತೆಗೆಯುವವಳು ಎಂದು ಊರಲ್ಲಿ ಅವಳಿಗೆ ದೊಡ್ಡ ಹೆಸರು. ಅವಳ ಅಣ್ಣ ಎಂದು ಇವನಿಗೆ ಕಟ್ಟೆಯ ಮೇಲೆ ಜನ ಸರಿದು ಜಾಗ ಬಿಡುತ್ತಿದ್ದರು. ಆ ಜಾಗದ ರುಚಿ ಗುರುಶಾಂತನಿಗೆ ಹತ್ತಿತ್ತು. ಈಗ ಪಕ್ಕದ ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನೆಂಟನೊಬ್ಬ, ಅವನೂ ಹೆಂಡತಿಯನ್ನು ಕಳೆದುಕೊಂಡವನೇ, ನೀಲವ್ವನನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಎಂದು ಹೇಳಿಕಳಿಸಿದ್ದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೆ ಮನೆ ತುಂಬಿಸಿಕೊಳ್ಳುವ ಈ ಪದ್ಧತಿ ಅವರ ಮಂದಿಯಲ್ಲಿ ಹೊಸದೇನಲ್ಲ. ಆದರೆ ತವರಿನ ಹಿರಿಯ ಒಪ್ಪದೆ ಅದು ನಡೆಯುವಂತಿಲ್ಲ. ನೀಲವ್ವ ಒಪ್ಪಿದ್ದಳು. ಅಣ್ಣ ಒಪ್ಪಿರಲಿಲ್ಲ. ಗುರುಗಳ ಮುಂದೆ ಅವನು ಇದ್ಯಾವುದನ್ನೂ ಎತ್ತಲಿಲ್ಲ, ಪ್ರೀತಿ ಎಂಬ ದೊಡ್ಡ ಮಾತನ್ನಷ್ಟೇ ಎತ್ತಿದ.

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಕೂಡು ಎಂದು ಕೈ ತೋರಿಸಿ ಒಂದು ಕತೆ ಹೇಳಿದರು.

ಹಳ್ಳದ ದಂಡೆಯಲ್ಲಿ ಒಬ್ಬ ತೋಟಿಗನಿದ್ದ. ಬದನೆ, ಮೆಣಸಿನಕಾಯಿ, ಸೊಪ್ಪು ಬೆಳೆಯುತ್ತಿದ್ದ. ತೋಟದ ಕಾವಲಿಗೆ ನಾಯಿ ಸಾಕದೆ ಒಂದು ಜೋಡಿ ಹೆಬ್ಬಾತು ಸಾಕಿದ್ದ. ನಾಯಿಗಾದರೆ ರೊಟ್ಟಿ ಎಸೆದು ಬಾಯಿ ಮುಚ್ಚಿಸಬಹುದು, ಹೆಬ್ಬಾತಿನ ಬಾಯಿ ಮುಚ್ಚಿಸಿದವರನ್ನು ಯಾರೂ ಕಂಡಿಲ್ಲ. ಬೇಲಿಯ ಹತ್ತಿರ ಯಾರು ಸುಳಿದರೂ ಎರಡೂ ಕತ್ತು ಚಾಚಿಕೊಂಡು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದವು. ಹೆಣ್ಣು ಮೇಯುವಾಗ ಗಂಡು ತಲೆ ಎತ್ತಿ ನಿಲ್ಲುತ್ತಿತ್ತು. ಅದರ ಹೊಟ್ಟೆ ತುಂಬಿದ ಮೇಲೆಯೇ ಇದು ಹುಲ್ಲಿಗೆ ಬಾಯಿ ಹಾಕುವುದು. ಹೆಣ್ಣು ಕಾವಿಗೆ ಕೂತಿತೆಂದರೆ, ದಿನಾ ಕಾಳು ಹಾಕುವ ತೋಟಿಗನ ಹೆಂಡತಿಯನ್ನೂ ಗಂಡು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಒಂದು ಮುಂಜಾನೆ ತೋಟಕ್ಕೆ ನರಿ ನುಗ್ಗಿತು. ಗಂಡು ರೆಕ್ಕೆ ಹರಿಯುವಂತೆ ಬಡಿದಾಡಿ ಅದನ್ನು ಓಡಿಸಿತು. ಹೆಣ್ಣು ಉಳಿಯಲಿಲ್ಲ. ತೋಟಿಗ ಅದನ್ನು ಬದುವಿನ ಪಕ್ಕ ಹೂಳಿ, ಯಾವುದೂ ಕೆದರದಿರಲಿ ಎಂದು ಮೇಲೊಂದು ದೊಡ್ಡ ಕಲ್ಲು ಇಟ್ಟ. ಗಂಡು ಆ ಕಲ್ಲಿನ ಪಕ್ಕ ಹೋಗಿ ಕೂತಿತು. ಕಾಳು ಹಾಕಿದರೆ ಮೂಸಿಯೂ ನೋಡಲಿಲ್ಲ. ಕತ್ತನ್ನು ನೆಲಕ್ಕೆ ಚಾಚಿ ಮಲಗುವುದು, ಸಂಜೆಯಾಯಿತೆಂದರೆ ಎದ್ದು ತೋಟದ ಮೂಲೆ ಮೂಲೆಗೂ ಹೋಗಿ ಕೂಗುವುದು, ಕೂಗಿಗೆ ಉತ್ತರ ಬರದೆ ಮತ್ತೆ ಕಲ್ಲಿಗೆ ಬಂದು ಕೂರುವುದು. ಅದರ ಸಂಕಟ ನೋಡಲಾರದೆ ತೋಟಿಗ ದೇವರಿಗೆ ಹರಕೆ ಹೊತ್ತ. ಹೆಂಡತಿ ನುಚ್ಚನ್ನು ನೆನೆಸಿ ಅಂಗೈಯಲ್ಲಿ ಹಿಡಿದು ಬಾಯಿಗೆ ಇಟ್ಟರೆ ಒಂದೆರಡು ಗುಟುಕು ನುಂಗಿ ಜೀವ ಹಿಡಿದುಕೊಂಡಿತು.

ಈ ಸುದ್ದಿ ಊರಲ್ಲಿ ಹಬ್ಬಿತು. ಸಂತೆಗೆ ಹೋಗುವವರು ಬೇಲಿಯ ಹತ್ತಿರ ನಿಂತು ನೋಡಿ ಹೋದರು. ಮರುವಾರ ಮನೆಯವರನ್ನೂ ಕರೆತಂದರು. ಅತ್ತೆಯರು ಸೊಸೆಯರಿಗೆ ತೋರಿಸಿದರು. ಹೆಂಡತಿಯರು ಗಂಡಂದಿರಿಗೆ ಇನ್ನೂ ಹತ್ತಿರದಿಂದ ತೋರಿಸಿದರು. ಯಾರೋ ಕಲ್ಲಿಗೆ ಕುಂಕುಮ ಹಚ್ಚಿದರು, ಇನ್ಯಾರೋ ಹೂ ಏರಿಸಿದರು. ಅಲ್ಲಿಯವರೆಗೆ ಎಲ್ಲರ ಬಾಯಲ್ಲೂ ಹೆಬ್ಬಾತು ಆಗಿದ್ದದ್ದು, ಅತ್ತೂ ಅತ್ತೂ ಹಂಸ ಆಯಿತು. ತೋಟಿಗ ಹಂಸದ ತೋಟದವರು ಆದ. ಭಜನೆಗೆ ಹೋದರೆ ಮುಂದಿನ ಸಾಲಿಗೆ ಕರೆದು ಕೂರಿಸಿದರು. ಹಂಸ ಹೇಗಿದೆ ಎಂದು ಗೌಡರೇ ವಿಚಾರಿಸಿದರು. ಬದನೆಕಾಯಿ ಬೆಳೆದು ಇಷ್ಟು ಮರ್ಯಾದೆ ಯಾರಿಗೆ ಸಿಕ್ಕೀತು? ತೋಟಿಗನಿಗೆ ಅದು ಇಷ್ಟವಾಯಿತು. ಹಂಸ ಇವತ್ತೂ ಏನೂ ಮುಟ್ಟಲಿಲ್ಲ ಎಂದು ಹೇಳುವಾಗ ಅವನ ದನಿಯಲ್ಲಿ ಮರುಕದ ಜೊತೆ ಹೆಮ್ಮೆಯೂ ಸೇರಿಕೊಳ್ಳತೊಡಗಿತು.

ಹಳ್ಳದ ಆಚೆ ದಡದಲ್ಲಿ ಅಗಸರ ಮನೆಯ ಒಂದು ಹೆಬ್ಬಾತು ಇತ್ತು. ವಯಸ್ಸಾದ ಹೆಣ್ಣು, ಒಂದು ಕಣ್ಣು ಮಸುಕು. ಜೊತೆಯವು ಒಂದೊಂದಾಗಿ ಹೋಗಿ ಅದೂ ಒಂಟಿಯಾಗಿತ್ತು. ಸಂಜೆಯ ಕೂಗು ಕೇಳಿ ಕೇಳಿ, ಒಂದು ದಿನ ಅದು ನೀರು ದಾಟಿ ತೋಟಕ್ಕೆ ಬಂತು. ಗಂಡು ಬುಸುಗುಟ್ಟಿ ಅದನ್ನು ಅಟ್ಟಿತು. ಅದು ಮತ್ತೆ ಬಂತು. ಗಂಡು ಮತ್ತೆ ಬುಸುಗುಟ್ಟಿತು, ಆದರೆ ಅಟ್ಟಿಕೊಂಡು ಹೋಗಲಿಲ್ಲ. ಆಮೇಲೆ ಬುಸುಗುಟ್ಟುವುದನ್ನೂ ಬಿಟ್ಟಿತು. ಕೆಲವು ದಿನ ಕಳೆದು ತೋಟಿಗ ನೀರು ಹಾಯಿಸಲು ಬಂದಾಗ ಎರಡೂ ದಂಡೆಯಲ್ಲಿದ್ದವು. ಮುದಿ ಹೆಣ್ಣು ಹುಲ್ಲು ಮೇಯುತ್ತಿತ್ತು. ಗಂಡು ತಲೆ ಎತ್ತಿ ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಾನೂ ಬಾಯಿ ಹಾಕಿ ಗಬಗಬನೆ ತಿಂದಿತು.

ಅಷ್ಟು ದಿನ ಅದು ತಿನ್ನಲಿ ಎಂದು ದೇವರಿಗೆ ಹರಕೆ ಹೊತ್ತವನು ತೋಟಿಗನೇ. ಕಂಡ ಕೂಡಲೇ ಅವನಿಗೆ ಸಂತೋಷವಾಗಬೇಕಿತ್ತು. ಆದದ್ದು ನಾಚಿಕೆ. ನಾಳೆ ಜನ ಬಂದರೆ ಏನು ತೋರಿಸಲಿ ಎಂದು ಅವನ ಮುಖ ಬಿಸಿಯಾಯಿತು. ಮಣ್ಣಿನ ಹೆಂಟೆ ತೆಗೆದು ಬೀಸಿ ಬೀಸಿ ಮುದಿ ಹೆಣ್ಣನ್ನು ಹಳ್ಳ ದಾಟಿಸಿದ. ಗಂಡನ್ನು ಹಿಡಿದು ತಂದು, ಕಲ್ಲಿನ ಪಕ್ಕ ಕೂರಿಸಿ, ಮೇಲೆ ದೊಡ್ಡ ಬಿದಿರು ಬುಟ್ಟಿ ಕವುಚಿದ. ಇದೆಲ್ಲ ಅದರ ಒಳ್ಳೆಯದಕ್ಕೇ ಎಂದು ಹೆಂಡತಿಗೆ ಹೇಳಿದ.

ಬುಟ್ಟಿಯೊಳಗೆ ಅದು ಮತ್ತೆ ಅನ್ನ ನೀರು ಬಿಟ್ಟಿತು. ಈ ಸಲ ಕೂಗಲೂ ಇಲ್ಲ. ತಲೆಯನ್ನು ಗರಿಯೊಳಗೆ ಹುದುಗಿಸಿ ಹಳ್ಳದ ಕಡೆಗೆ ಮುಖ ಮಾಡಿ ಕೂತಿತು. ಜನ ಎಂದಿನಂತೆ ಬಂದರು. ಸತ್ತ ಜೋಡಿಗಾಗಿ ಇನ್ನೂ ಹೇಗೆ ಕೊರಗುತ್ತಿದೆ ನೋಡಿ ಎಂದು ಕೈ ಮುಗಿದರು. ಮೊದಲಿನ ಕೊರಗಿಗೂ ಈ ಕೊರಗಿಗೂ ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ತೋಟಿಗನಿಗೆ ಗೊತ್ತಿತ್ತು. ಮೊದಲಿನದು ಸಾವು ತಂದದ್ದು, ಇದನ್ನು ತಂದವನು ತಾನು. ಕೈ ಮುಗಿಯುವವರ ಎದುರು ನಿಲ್ಲುವುದು ಅವನಿಗೆ ಕಷ್ಟವಾಯಿತು. ಭಜನೆಯ ಮುಂದಿನ ಸಾಲಿನಲ್ಲಿ ಕೂತರೂ ಬಾಯಿಗೆ ಪದ ಬರಲಿಲ್ಲ.

ಮನೆಗೆ ಬಂದು ಹೆಂಡತಿಯ ಎದುರು ಕೂತು ತನ್ನನ್ನು ಕೊರೆಯುತ್ತಿದ್ದ ಮಾತನ್ನು ಕೇಳಿದ.

“ಹಂಗಾರ ಮದಲಿಂದು ಮರತ ಹೋತೇನ ಇದಕ್ಕ?”

ಹೆಂಡತಿ ನುಚ್ಚು ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

“ಜೋಡಿಲೆ ಇರೂದನ್ನ ಇದಕ್ಕ ಕಲಿಸಿದ್ದ ಆ ಮದಲಿಂದು. ಅದನ್ನ ಮರತಿದ್ದರ ಇದು ಒಂಟಿಯಾಗೇ ಇರತಿತ್ತು. ಹಳ್ಳದ ಕಡೆ ಯಾಕ ಹೋಗತಿತ್ತು?”

ತೋಟಿಗ ಹೋಗಿ ಬುಟ್ಟಿ ಎತ್ತಿದ.

ಹಂಸ ಮೊದಲು ಕಲ್ಲಿಗೆ ಪ್ರದಕ್ಷಿಣೆ ಹಾಕಿತು, ತಲೆ ಬಾಗಿಸಿತು, ಆಮೇಲೆ ಹಳ್ಳಕ್ಕೆ ಹೋಯಿತು ಎಂದು ಆ ಊರಿನವರು ಈಗಲೂ ಹೇಳುತ್ತಾರೆ. ಅದು ಊರಿನವರು ಸೇರಿಸಿದ್ದು. ತೋಟಿಗ ಕಣ್ಣಾರೆ ಕಂಡದ್ದು ಬೇರೆ. ಬುಟ್ಟಿ ಎತ್ತಿದ ಕೂಡಲೇ ಅದು ಎಡವುತ್ತಾ ಬೀಳುತ್ತಾ ನೇರ ನೀರಿಗೇ ಓಡಿತು. ಓಡುತ್ತಲೇ ಕೂಗಿತು. ಆಚೆ ದಡದಿಂದ ಉತ್ತರ ಬಂತು. ಆ ಉತ್ತರ ಕೇಳಿ ತೋಟಿಗನ ಎದೆ ಹಗುರಾಯಿತು, ಬದುವಿನ ಮೇಲೆ ಕೂತು ಒಬ್ಬನೇ ನಕ್ಕ.

ಅಗಸರವಳನ್ನು ಕೇಳಿ ಅವನು ಆ ಮುದಿ ಹೆಣ್ಣನ್ನು ತೋಟಕ್ಕೇ ತಂದುಕೊಂಡ. ಅವಳು ಸಂತೋಷದಿಂದ ಕೊಟ್ಟಳು, ಜೊತೆಗೆ ಅದಕ್ಕೆ ನೆನೆಸಿದ ನುಚ್ಚೇ ಆಗಬೇಕೆಂದು ತಾಕೀತು ಮಾಡಿದಳು. ಜನ ಬಂದು ನೋಡಿದರು. ಎರಡು ಹೆಬ್ಬಾತು ಮೇಯುತ್ತಿದ್ದವು, ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹಂಸ ಎನ್ನುವುದನ್ನು ಬಿಟ್ಟರು. ಭಜನೆಯಲ್ಲಿ ತೋಟಿಗನ ಜಾಗ ಮತ್ತೆ ಬಾಗಿಲ ಹತ್ತಿರಕ್ಕೆ ಬಂತು. ಅಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಎಂದು ಅವನು ಹೆಂಡತಿಗೆ ಹೇಳಿದ. ಕಲ್ಲನ್ನು ಅವನು ತೆಗೆಯಲಿಲ್ಲ. ಬಿಸಿಲು ಏರಿದಾಗ ಎರಡೂ ಅದರ ನೆರಳಿನಲ್ಲಿ ಮೈ ಒತ್ತಿಕೊಂಡು ಮಲಗುತ್ತಿದ್ದವು. ಬೇಲಿಯ ಹತ್ತಿರ ಯಾರಾದರೂ ಸುಳಿದರೆ ಎದ್ದು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದವು. ತೋಟಿಗನಿಗೆ ಕಣ್ಣ ತುಂಬ ನಿದ್ದೆ ಬರುತ್ತಿತ್ತು.

ಗುರುಗಳು ಕತೆ ಮುಗಿಸಿ ಎದುರಿದ್ದ ತಂಬಿಗೆಯಿಂದ ನೀರು ಕುಡಿದರು.

ಗುರುಶಾಂತನಿಗೆ ಬೇಕಿದ್ದ ಹೌದು ಸಿಕ್ಕಿರಲಿಲ್ಲ. ಕತೆ ಕೇಳುವಾಗ ತೋಟಿಗನ ಮೇಲೆ ಸಿಟ್ಟು ಬಂದಿತ್ತು, ಬುಟ್ಟಿ ಎತ್ತಿದಾಗ ಸಮಾಧಾನವೂ ಆಗಿತ್ತು. ಆದರೂ ಬಂದ ಕೆಲಸ ಕೆಡಬಾರದಲ್ಲ. ಒಂದು ಕೊನೆಯ ಪ್ರಯತ್ನ ಮಾಡಿದ.

“ಆದ್ರ ಅಜ್ಜಾರ, ಅದು ಮೂಕಪ್ರಾಣಿ. ಮಾನ ಮರ್ಯಾದಿ ಅಂದ್ರ ಅದಕ್ಕೇನ ತಿಳೀತದ?”

ಗುರುಗಳು ತಂಬಿಗೆಯನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದರು.

“ಅದು ಹೋಗಲಿ ಬಿಡು. ನೀ ಬರೂಮುಂದ ನಿನ್ನ ತಂಗಿ ಉಂಡಿದ್ದಳೇನು?”

ನೀಲವ್ವ ಮುಟ್ಟದೆ ಬಿಟ್ಟಿದ್ದ ತಟ್ಟೆ ಗುರುಶಾಂತನ ಕಣ್ಣಿಗೆ ಬಂತು, ಎದ್ದು ಮನೆಯ ದಾರಿ ಹಿಡಿದ.